ಖಾಲಿ ಇದ್ದ ದಿನ

ಭಾಗ್ಯಳ ಮದುವೆಗೆ ಹೊಳಲ್ಕೆರೆಯ ಕಲ್ಯಾಣ ಮಂಟಪ ಸಿಗಲಿಲ್ಲ. ಆ ದಿನ ಮಂಟಪ ಖಾಲಿ ಇತ್ತು.

ಮಂಟಪದ ಬುಕಿಂಗ್ ಆ್ಯಪ್ ತಯಾರಾದದ್ದು ಚಿತ್ರದುರ್ಗದ ಒಂದು ಮಹಡಿ ಆಫೀಸಿನಲ್ಲಿ. ಭಾಗ್ಯಳ ಅಕ್ಕ ಅನುಪಮಾ ಈಗ ಅಲ್ಲೇ ಕೆಲಸಕ್ಕಿದ್ದಳು. ತಂಗಿಯ ಫೋನಿನಲ್ಲಿ ‘ದಿನ ಲಭ್ಯವಿಲ್ಲ’ ಎಂದು ಕಂಡವಳು, ಬೆಳಿಗ್ಗೆ ಆಫೀಸಿಗೆ ಬಂದವಳೇ ಪೈಥಾನ್ ಕೋಡ್ ತೆರೆದಳು.

ದಿನ ಖಾಲಿ ಇದೆಯೇ ಎಂದು ಹೇಳುವ ‘ಅವೈಲಬಲ್’ ನೋಡಲು ಬರಿಯ ಹೆಸರು, ಒಳಗಿಟ್ಟದ್ದನ್ನು ಹಾಗೇ ತೆಗೆದುಕೊಡುವ ಡಬ್ಬಿಯಂತೆ. ಆದರೆ ಕ್ಲಾಸಿನೊಳಗೆ ಅದೊಂದು ಫಂಕ್ಷನ್. ಅದರ ನೆತ್ತಿಯ ಮೇಲೆ ‘@ಪ್ರಾಪರ್ಟಿ’ ಎಂಬ ಒಂದೇ ಸಾಲಿನ ಡೆಕೊರೇಟರ್. ಆ ಸಾಲಿದ್ದರೆ ಸಾಕು, ಕೇಳಿದವರಿಗೆ ಗೊತ್ತೇ ಆಗದಂತೆ ಹಿಂದಿನಿಂದ ಫಂಕ್ಷನ್ ಓಡುತ್ತದೆ. ಇದು ಓಡಿ, ಬುಕ್ ಮಾಡುವವರ ವಿಳಾಸ ನೋಡುತ್ತಿತ್ತು. ವಿಳಾಸದಲ್ಲಿ ‘ಎ.ಕೆ. ಕಾಲೋನಿ’ ಎಂದು, ಅಂದರೆ ಅನುಪಮಾಳ ಮನೆಯಿರುವಂಥ ದಲಿತರ ಕೇರಿಯ ಹೆಸರು, ಇದ್ದರೆ, ದಿನ ಖಾಲಿ ಇದ್ದರೂ ಇಲ್ಲ ಎನ್ನುತ್ತಿತ್ತು. ಹಿಂದೆ ಇಲ್ಲ ಅನ್ನಲು ಬಾಗಿಲಲ್ಲೊಬ್ಬ ನಿಲ್ಲಬೇಕಿತ್ತು. ಈಗ ಅವನ ಮುಖವೂ ಕಾಣುವುದಿಲ್ಲ.

ಬರೆದವರ ಹೆಸರು: ಪರಮೇಶ್.

ಎದುರಿನ ಮೇಜಿನವನು. ಕೋಡ್ ತಿದ್ದಲು ಅವಳ ಕುರ್ಚಿಯ ಹಿಂದೆ ನಿಂತು, ಸ್ಕ್ರೀನಿಗಿಂತ ಅವಳ ಓಲೆಯನ್ನೇ ಹೆಚ್ಚು ನೋಡುವವನು. ನಿನ್ನೆ ಸಂಜೆ ಮಿರ್ಚಿಯ ಕೊನೆಯ ತುಂಡನ್ನು ಅವಳ ಕಡೆ ಸರಿಸಿ ನಕ್ಕಿದ್ದ. ಆ ನಗೆಯನ್ನು ಅವಳು ಮನೆಯವರೆಗೂ ಒಯ್ದಿದ್ದಳು.

“ಬರ್ರಿ ಇಲ್ಲಿ.”

“ಏನ್ರೀ, ಬೆಳಿಗ್ಗೇನೇ ಹಿಂಗ್ ಕಣ್ ಬಿಡ್ತೀರಿ? ಸುಟ್ಟೇ ಹೋಗ್ತೀನಿ.” ನಗುತ್ತಾ ಬಂದವನು ಸ್ಕ್ರೀನ್ ನೋಡಿ ನಿಂತುಬಿಟ್ಟ.

“ಸುಟ್ಟು ಹೋಗ್ರಿ. ಇದನ್ನ ಬರ್ದಿದ್ದು ನೀವೇನಾ?”

“ಮಂಟಪದೋರು ಕೇಳಿದ್ರು. ಗುರುರಾಜ್ ಸಾರ್ ಬರಿ ಅಂದ್ರು. ಆವಾಗ ನೀವಿನ್ನೂ ಸೇರಿರ್ಲಿಲ್ಲ, ಅನುಪಮಾ. ಗೊತ್ತಿದ್ರೆ…”

“ಗೊತ್ತಿದ್ರೆ? ನಮ್ ಮನೆಗೊಂದಕ್ಕೆ ರಿಯಾಯಿತಿ ಬರೀತಿದ್ರಾ?”

ಅವನ ಕಿವಿಗಳು ಕೆಂಪಾದವು. “ನಿಮ್ನ ಕಂಡ್ರೆ ನಂಗೆ ಇಷ್ಟ ರೀ. ಎಷ್ಟ್ ದಿನದಿಂದ ಹೇಳ್ಬೇಕು ಅಂತ…”

ಎಂಥ ಹೊತ್ತು ನೋಡಿ ಹೇಳಿದ! ಅವಳ ಎದೆ ಹಾರಿತು. ಹಾರಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಈ ಇಷ್ಟದ ಹಿಂದೆ ಯಾವ ಫಂಕ್ಷನ್ ಓಡ್ತೈತೆ? ನಿಮ್ಮವ್ವ ನನ್ನ ಕೇರಿ ಯಾವ್ದು ಅಂತ ಕೇಳಿದ್ ದಿನ ಏನ್ ಉತ್ತರ ಬರ್ತೈತೆ?”

ಅವನು ಅವಳನ್ನೇ ನೋಡಿದ. “ಅವ್ವ ಬಾಗ್ಲು ಹಾಕ್ಕಂತಾಳೆ. ನಾನು ನಿಮ್ ಜೊತೆ ಹೊರಗೆ ನಿಲ್ತೀನಿ.”

“ನಿಲ್ಲೋದು ಆಮೇಲೆ ನೋಡಾಣ. ಮೊದ್ಲು ಇದನ್ನ ಕೀಳ್ರಿ. ನಿಮ್ ಹೆಸ್ರಲ್ಲೇ.”

ಅವನು ಕುಳಿತು ವಿಳಾಸ ನೋಡುವ ಸಾಲುಗಳನ್ನು ಅಳಿಸಿದ. ಯಾಕೆಂದು ಕೆಳಗೆ ಬರೆದ: ‘ಜಾತಿ ನೋಡಿ ಸುಳ್ಳು ಹೇಳುತ್ತಿತ್ತು. ಬರೆದವನು ನಾನೇ.’ ಅವಳು ಅಲ್ಲೇ ನಿಂತು ಭಾಗ್ಯಳ ಹೆಸರಿಗೆ ಮಂಟಪ ಬುಕ್ ಮಾಡಿದಳು.

ಮಧ್ಯಾಹ್ನ ಆಫೀಸಿನ ಮಾಲೀಕ ಗುರುರಾಜ್ ಬಾಗಿಲು ತಳ್ಳಿಕೊಂಡು ಬಂದರು. “ಲೇ ಪರಮೇಶ, ಮಂಟಪದೋರು ಫೋನಲ್ಲಿ ಉಗೀತಾ ಅವ್ರೆ. ಆ ಬುಕಿಂಗ್ ಕ್ಯಾನ್ಸಲ್ ಮಾಡು. ಹಳೇದು ವಾಪಸ್ ಹಾಕು.”

“ಮಾಡಲ್ಲ ಸಾರ್.”

“ನಾಳೆಯಿಂದ ಬರ್ಬೇಡ ಹಂಗಾದ್ರೆ.”

“ಆತು ಸಾರ್.”

ಗುರುರಾಜ್ ಅವಳ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. “ನೀನಾದ್ರೂ ತಿಳ್ದೋಳು ಕಣಮ್ಮ. ನಿಮ್ಮೋರದ್ದೇ ಮದುವೆ, ನಿನ್ ಕೈಯಿಂದ್ಲೇ ಕ್ಯಾನ್ಸಲ್ ಆದ್ರೆ ಗಲಾಟೆ ಇರಲ್ಲ. ಕೆಲ್ಸಾನೂ ಉಳಿತೈತೆ. ಒತ್ತು.”

ಅನುಪಮಾ ಪರಮೇಶನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತಳು. ಆಫೀಸೆಲ್ಲ ನೋಡುತ್ತಿದ್ದಂತೆ, ಮೇಜಿನ ಮೇಲಿದ್ದ ಅವನ ಕೈ ಹಿಡಿದುಕೊಂಡಳು.

“ಒತ್ತಲ್ಲ,” ಎಂದಳು.