ಹಿಟ್ಟಿಗೆ ಬಂದ ಹೆಸರು

ಆಗಸ್ಟ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಎಂಟೂಕಾಲಿಗೆ ಕಿನ್ಲಾಖ್ ಠಾಣೆಗೆ ದೂರು ಬಂತು. ದೂರುದಾರ ಮ್ಯಾಕ್‌ಎಲ್ರಿಗ್ ಕುಲದ ಒಡೆಯ ಸರ್ ಹ್ಯೂಗೋ. ಗ್ಲೆನ್ ಎಲ್ರಿಗ್ ಕಣಿವೆಯ ಹಳೆಯ ಚರ್ಚಿನಲ್ಲಿ ಕುಲದ ಮೂಲಪುರುಷನ ಕಲ್ಲುಸಮಾಧಿ ಇದೆ. ಅದರ ಮುಚ್ಚಳ ಸರಿದಿದೆ, ಒಳಗಿನಿಂದ ವಾಸನೆ ಬರುತ್ತಿದೆ. ಮಧ್ಯಾಹ್ನಕ್ಕೆ ಕುಲದ ಸಮ್ಮೇಳನ, ಕೆನಡಾ ಆಸ್ಟ್ರೇಲಿಯಾಗಳಿಂದೆಲ್ಲ ಜನ ಬಂದಿಳಿದಿದ್ದಾರೆ, ಬೇಗ ಬನ್ನಿ.

ಇನ್‌ಸ್ಪೆಕ್ಟರ್ ಲಾಕ್ಲನ್ ಮ್ಯಾಕ್‌ಎಲ್ರಿಗ್ ಕುಲದ ಗಂಡಸರು ಉಡುವ ನೆರಿಗೆ ಲಂಗ, ಕಿಲ್ಟು, ಉಟ್ಟುಕೊಂಡೇ ಜೀಪು ಹತ್ತಿದ. ಅವನದೂ ಅದೇ ಹೆಸರು. ಈ ವರ್ಷ ಮೆರವಣಿಗೆಯಲ್ಲಿ ಕುಲದ ಬಾವುಟ ಹಿಡಿಯುವ ಮರ್ಯಾದೆ ಅವನಿಗೆ ಸಿಕ್ಕಿತ್ತು.

"ಗಾಳಿ ಜೋರಿದೆ ಸರ್. ಬಾವುಟ ಆಮೇಲೆ ಹಿಡೀರಿ, ಮೊದಲು ಕಿಲ್ಟು ಹಿಡ್ಕೊಳ್ಳಿ," ಎಂದಳು ಕಾನ್‌ಸ್ಟೇಬಲ್ ಇಷ್ಬೆಲ್.

ಸರ್ ಹ್ಯೂಗೋ ಬಾಗಿಲಲ್ಲೇ ಕಾದಿದ್ದ. "ಎಂಟುನೂರು ವರ್ಷದ ಮೂಳೆ ಅದು. ಎದೆ ಮೇಲೊಂದು ಬೆಳ್ಳಿ ಪದಕ ಇರುತ್ತೆ. ಅದನ್ನ ಕದಿಯೋಕೆ ಬಂದಿದ್ದಾರೆ."

ನಾಲ್ವರು ಹಾರೆ ಹಾಕಿ ಮುಚ್ಚಳ ಸರಿಸಿದರು. ಒಳಗೆ ಮೂಳೆಯೂ ಇರಲಿಲ್ಲ, ಬೆಳ್ಳಿಯೂ ಇರಲಿಲ್ಲ. ಕಂದು ಬಣ್ಣದ ಕಂಬಳಿ ಸುತ್ತಿದ ಹೆಣವೊಂದು ಮಲಗಿತ್ತು. ಇಷ್ಬೆಲ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಂಬಳಿಯ ತುದಿ ಸರಿಸಿದಳು.

ಲಾಕ್ಲನ್ ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ.

"ಸರ್? ಯಾರು ಸರ್ ಇದು?"

"ಮುರ್ಡೋ ಮಾವ." ಅವನು ಕಂಬಳಿಯ ತುದಿಯನ್ನು ಮತ್ತೆ ಮುಚ್ಚಿದ. "ಹೋದ ಮಂಗಳವಾರ ಊರ ಸ್ಮಶಾನದಲ್ಲಿ ನಾನೇ ಮಣ್ಣು ಮಾಡಿದೀನಿ ಕಣೇ ಇವನ್ನ. ಈ ಕೈಯಲ್ಲೇ ಇಳಿಸಿದೀನಿ."

ಹಾಗೆ ಇಳಿಸುವುದು ಅಲ್ಲಿಯ ಪದ್ಧತಿ. ಹೆಣದ ಪೆಟ್ಟಿಗೆಗೆ ಎಂಟು ಹಗ್ಗ, ಹಿಡಿಯಲು ಎಂಟು ಜನ. ಯಾರಿಗೆ ಯಾವ ಹಗ್ಗ ಎಂಬುದು ಸತ್ತವರ ಮನೆಯ ತೀರ್ಮಾನ. ಮಕ್ಕಳಿಲ್ಲದ ಮುರ್ಡೋನ ಹೆಂಡತಿ ಡೊಲೀನಾ ನಾಲ್ಕನೆಯ ಹಗ್ಗವನ್ನು ಲಾಕ್ಲನ್‌ಗೆ ಕೊಟ್ಟಿದ್ದಳು. ಪೆಟ್ಟಿಗೆ ಗುಂಡಿಗಿಳಿಯುವಾಗ ಒಳಗೇನೋ ಉರುಳಿತ್ತು. ಹಗ್ಗದಲ್ಲಿ ಬಂದ ಆ ಅದುರು ಅವನ ಮೊಣಕೈವರೆಗೆ ಹತ್ತಿತ್ತು.

ಸ್ಥಳ ಮಹಜರು ನಡೆಯಿತು. ಕಲ್ಲಿನ ಅಂಚಿನಲ್ಲಿ ಸರಪಳಿ ಉಜ್ಜಿದ ಗುರುತು, ಅದಕ್ಕೆ ಅಂಟಿದ ಕುರಿ ಉಣ್ಣೆಯ ಜಿಡ್ಡು, ಹೊರಗೆ ಹುಲ್ಲಿನ ಮೇಲೆ ರೈತರ ನಾಲ್ಕು ಚಕ್ರದ ಸಣ್ಣ ಗಾಡಿಯ ಜಾಡು. ಹೆಣವನ್ನು ಪೋಸ್ಟ್‌ಮಾರ್ಟಂಗೆ ಕಳಿಸಿದರು. ಸಾವು ಹೃದಯಾಘಾತದ್ದು, ಕೊಲೆಯ ಸುಳಿವಿಲ್ಲ ಎಂದರು ಡಾಕ್ಟರು.

ಹಾಗಾದರೆ ಸ್ಮಶಾನದಲ್ಲಿ ಹೂತಿದ್ದೇನು?

ಸೋಮವಾರ ಅಲ್ಲಿಯ ನ್ಯಾಯಾಧೀಶ ಶೆರಿಫ್‌ನ ಅಪ್ಪಣೆ ಪಡೆದು ಗುಂಡಿ ತೆಗೆಸಿದರು. ಪೆಟ್ಟಿಗೆಯ ತುಂಬ ಕುರಿಚರ್ಮ ಸುತ್ತಿದ ಕಲ್ಲುಗಳು. ಒಂದೊಂದರದೂ ಒಂದು ಮೈ ಕರ್ರಗೆ ಸುಟ್ಟಿತ್ತು.

"ಬೆಂಕಿಗೆ ಹಾಕಿದ್ರಾ ಸರ್ ಇದನ್ನ?"

"ಒಲೆ ಕಲ್ಲು," ಎಂದ ಲಾಕ್ಲನ್. ಕಣಿವೆಯ ಮೇಲ್ತುದಿಯಲ್ಲಿ ಪಾಳು ಬಿದ್ದ ಮನೆಗಳ ಸಾಲಿದೆ. ಈ ಕಲ್ಲು ಅಲ್ಲಿಯದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

ಇಷ್ಬೆಲ್ ಪೆನ್ನು ತೆಗೆದಳು. "ಸರ್, ನಿಮ್ಮ ಹೇಳಿಕೇನೂ ತಗೋಬೇಕು. ನೀವೂ ಸಾಕ್ಷಿ. ಪೆಟ್ಟಿಗೇಲಿ ಏನೋ ಉರುಳಿತು ಅಂತ ಅವತ್ತೇ ಯಾಕೆ ಹೇಳಲಿಲ್ಲ?"

"ಸತ್ತ ಮನೇಲಿ ಬಾಯಿ ಮುಚ್ಚಿಕೊಂಡಿರೋದು ನಮ್ಮಲ್ಲಿ ಮರ್ಯಾದೆ."

"ಹಾಗಂತಲೇ ಬರೀಲಾ?"

"ಬರಿ."

ಅವರಿಬ್ಬರೂ ಹೋದಾಗ ಡೊಲೀನಾ ಕೊಟ್ಟಿಗೆಯಲ್ಲಿ ಟಗರೊಂದನ್ನು ಮೊಣಕಾಲಲ್ಲಿ ಅದುಮಿ ಗೊರಸು ಕೆರೆಯುತ್ತಿದ್ದಳು. ಅರವತ್ತಮೂರರ ಹೆಂಗಸು. ಗೋಡೆಗೆ ಬೇಲಿ ತಂತಿ ಬಿಗಿಯುವ ಸರಪಳಿ ತೂಗುಬಿದ್ದಿತ್ತು.

"ಬಾರೋ ಲಾಕಿ. ಇಷ್ಟು ದಿನ ಬೇಕಾಯ್ತಾ? ಹಗ್ಗ ಹಿಡಿದಾಗ್ಲೇ ನಿನ್ನ ಮುಖ ಬಿಳಿಚಿಕೊಂಡಿತ್ತು."

"ಡೊಲೀನಾ ಅತ್ತೆ, ಮಾವನ್ನ ಆ ಸಮಾಧೀಲಿ ಇಟ್ಟೋರು ಯಾರು?"

"ನಾನು."

"ಯಾವಾಗ?"

"ಮಣ್ಣಿನ ಹಿಂದಿನ ದಿನ. ಕುರಿ ಸಂತೆ ಇತ್ತಲ್ಲ, ಕಣಿವೇಲಿ ಒಂದು ನಾಯೀನೂ ಇರ್ಲಿಲ್ಲ."

"ಒಬ್ಬಳೇ?"

"ಒಬ್ಬಳೇ."

"ಅಷ್ಟು ಭಾರದ ಮುಚ್ಚಳ?"

"ಸರಪಳಿ ಅದೆ, ಗಾಡಿ ಅದೆ. ನಲವತ್ತು ವರ್ಷ ಟಗರು ಎತ್ತಿದ ತೋಳು ಅದೆ. ನಿನ್ನನ್ನೂ ಎತ್ತಿ ತೋರಿಸ್ಲಾ, ಈ ಹುಡುಗಿ ಮುಂದೆ?"

ಇಷ್ಬೆಲ್ ನಗು ನುಂಗಿಕೊಂಡಳು. ಲಾಕ್ಲನ್ ನಗಲಿಲ್ಲ. "ಮೂಲಪುರುಷನ ಮೂಳೆ ಎಲ್ಲಿ ಹಾಕಿದೆ? ಅದನ್ನ ಹೇಳದಿದ್ರೆ ಜೈಲು ಗ್ಯಾರಂಟಿ ಅತ್ತೆ. ಮಾವನ್ನೂ ಅಲ್ಲಿಗೆ ಮತ್ತೆ ಸೇರಿಸಲ್ಲ ಅವರು."

ಆಗ ಮಾತ್ರ ಅವಳ ಕೈಯ ಚಾಕು ನಿಂತಿತು. "ಜೈಲಿಗೆ ಹಾಕ್ಕೊಳ್ಲಿ. ಅವನನ್ನ ಮಾತ್ರ ಅಲ್ಲಿಗೇ ವಾಪಸ್ ಸೇರಿಸಿ. ಮೂಳೆ ಅಂತೀಯಲ್ಲ, ಒಳಗೆ ಇಲಿ ಹಿಕ್ಕೇನೂ ಇರ್ಲಿಲ್ಲ ಕಣೋ. ಗುಡಿಸೋ ಕೆಲಸಾನೂ ಉಳೀತು ನಂಗೆ."

ಯಾರೂ ನಂಬಲಿಲ್ಲ. ಲಾಕ್ಲನ್ ಕೂಡ.

ಈ ಹೆಸರಿನ ಕತೆ ಆ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ನಾನೂರು ವರ್ಷದ ಹಿಂದೆ ಬರ ಬಿದ್ದಾಗ ಒಡೆಯನಿಗೆ ಯುದ್ಧಕ್ಕೆ ಆಳು ಬೇಕಿತ್ತು. ನನ್ನ ಹೆಸರು ಇಟ್ಟುಕೊಂಡ ಮನೆಗೆ ಒಂದು ಮೂಟೆ ಓಟ್ಸ್ ಹಿಟ್ಟು ಎಂದು ಡಂಗುರ ಹೊಡೆಸಿದ. ದನ ಕಾಯುವವರು, ಸೂರು ಹೊದಿಸುವವರು, ಅಪ್ಪನ ಹೆಸರು ಬಿಟ್ಟರೆ ಬೇರೆ ಹೆಸರಿಲ್ಲದವರು, ಹಿಟ್ಟು ಕಲಸುವಷ್ಟರಲ್ಲಿ ಮ್ಯಾಕ್‌ಎಲ್ರಿಗ್ ಆದರು. ಮ್ಯಾಕ್ ಎಂದರೆ ಮಗ. ಹಾಗೆ ಮಕ್ಕಳಾದವರು ತಂದೆಯ ಯುದ್ಧಗಳಲ್ಲಿ ಹುಳುಗಳ ಹಾಗೆ ಸತ್ತರು. ಮುಂದೆ ಮನುಷ್ಯರಿಗಿಂತ ಕುರಿ ಲಾಭವೆನಿಸಿದಾಗ ಅದೇ ತಂದೆಯ ವಂಶ ಮಕ್ಕಳ ಸೂರಿಗೆ ಬೆಂಕಿ ಇಟ್ಟು ಸಮುದ್ರದ ಕಡೆ ಅಟ್ಟಿತು. ಒಲೆ ಕಲ್ಲು ಮಾತ್ರ ಉಳಿಯಿತು.

ಈಗಿನ ಒಡೆಯ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದ. ವಸಂತದಲ್ಲಿ ಆ ಹೆಸರಿನವರೆಲ್ಲರ ಎಂಜಲು ತರಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿ, ಮೂಲಪುರುಷನ ರಕ್ತ ಇಲ್ಲದವರಿಗೆ ಚರ್ಚಿನ ಅಂಗಳದಲ್ಲಿ ಮಣ್ಣಿಲ್ಲ ಎಂದು ಕಟ್ಟಳೆ ಮಾಡಿದ್ದ. ಆ ಅಂಗಳದ ಹುಲ್ಲನ್ನು ಬದುಕಿಡೀ ಕೊಯ್ದ ಮುರ್ಡೋ ಗೋಡೆಯ ಪಕ್ಕ ಆರಡಿ ಕೇಳಿದ. ರಕ್ತ ಹೊಂದುವುದಿಲ್ಲ ಎಂದು ಉತ್ತರ ಬಂತು. ಲಾಕ್ಲನ್‌ನ ರಕ್ತವೂ ಹೊಂದಿರಲಿಲ್ಲ. ಆದರೆ ಅವನು ಇನ್‌ಸ್ಪೆಕ್ಟರ್ ಅಲ್ಲವೇ? ಬಾವುಟ ಸಿಕ್ಕಿತು. ಅವನೂ ಕೈ ಚಾಚಿ ತೆಗೆದುಕೊಂಡ.

ಗುರುವಾರ ಪ್ರಯೋಗಾಲಯದ ವರದಿ ಬಂತು. ಲಾಕ್ಲನ್ ಅದನ್ನು ನಿಂತೇ ಓದಿದ, ಕೂತು ಇನ್ನೊಮ್ಮೆ ಓದಿದ, ಇಷ್ಬೆಲ್ ಕೈಗೆ ಕೊಟ್ಟು ಜೋರಾಗಿ ಓದು ಎಂದ.

ಸಮಾಧಿಯ ದೂಳಿನಲ್ಲಿ ಮುರ್ಡೋನ ಹೊರತು ಯಾವ ಮನುಷ್ಯನ ಕುರುಹೂ ಇಲ್ಲ. ಕಲ್ಲಿನ ಒಳಮೈಯಲ್ಲಿ ಯಂತ್ರದ ಗರಗಸದ ಗೆರೆಗಳಿವೆ. ಬೆಸುಗೆಗೆ ಹಾಕಿದ್ದು ಸಿಮೆಂಟು. ಕಟ್ಟಿ ನೂರೈವತ್ತು ವರ್ಷವಾಗಿರಬಹುದು, ಅದಕ್ಕಿಂತ ಹೆಚ್ಚಿಲ್ಲ.

"ಅಂದ್ರೆ..." ಇಷ್ಬೆಲ್ ಬಾಯಿ ತೆರೆದೇ ಇತ್ತು.

"ಮನೆ ಸುಟ್ಟ ಮೇಲೆ ಕಟ್ಟಿಸಿದ್ದು. ಕುರಿ ದುಡ್ಡಲ್ಲಿ."

ಸಂಜೆ ಅವರಿಬ್ಬರೂ ಸರ್ ಹ್ಯೂಗೋನ ಮನೆಯಲ್ಲಿದ್ದರು. ಅವನು ಕೂತುಕೊಳ್ಳಿ ಎನ್ನಲಿಲ್ಲ.

"ಸಮಾಧಿ ಭಂಗದ ಕೇಸು ನಿಲ್ಲಲ್ಲ ಸರ್," ಎಂದ ಲಾಕ್ಲನ್. "ಭಂಗ ಆಗೋಕೆ ಒಳಗೊಬ್ಬ ಸತ್ತವನಿರಬೇಕು. ಇರಲಿಲ್ಲ."

"ಸುಳ್ಳು! ಆ ಮುದುಕಿ ಕದ್ದಿದ್ದಾಳೆ!"

"ಮುರ್ಡೋ ಹೆಣ ನಾಳೆ ಬಿಡ್ತಾರೆ. ಸಮಾಧಿಗೇ ವಾಪಸ್ ಕೊಡಿ ಅಂತ ಡೊಲೀನಾ ಅರ್ಜಿ ಹಾಕಿದಾಳೆ. ನಿಮ್ಮ ತಕರಾರಿದ್ರೆ ಶೆರಿಫ್ ಮುಂದೆ ಹೇಳಿ. ಈ ವರದೀನ ಅಲ್ಲಿ ಎಲ್ಲರ ಎದುರು ಓದ್ತಾರೆ. ಕೆನಡಾದೋರು ಇನ್ನೂ ಹೋಟೆಲ್ಲಲ್ಲೇ ಇದಾರೆ."

ಸರ್ ಹ್ಯೂಗೋ ಗೋಡೆಯ ಮೇಲಿನ ಜಿಂಕೆಯ ತಲೆಯನ್ನೇ ನೋಡುತ್ತ ಕೂತ. ಯಾರ ರಕ್ತಕ್ಕೆ ಯಾರ ರಕ್ತ ಹೊಂದಿಸಿದಿರಿ ಸ್ವಾಮಿ ಎಂದು ಕೇಳಬೇಕೆನಿಸಿತು ಲಾಕ್ಲನ್‌ಗೆ. ವರದಿಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ತಕರಾರು ದಾಖಲಾಗಲಿಲ್ಲ. ಶನಿವಾರ ಮುರ್ಡೋ ಮ್ಯಾಕ್‌ಎಲ್ರಿಗ್ ಆ ಕಲ್ಲಿನೊಳಗೆ ಮರಳಿದ.

ಆದರೂ ಕಲ್ಲು ತುಂಬಿದ ಪೆಟ್ಟಿಗೆಯನ್ನು ಮಣ್ಣು ಮಾಡಿಸಿ ಅಧಿಕಾರಿಗಳನ್ನು ವಂಚಿಸಿದ್ದು, ಮುಚ್ಚಳ ಹಾಳು ಮಾಡಿದ್ದು ಅಪರಾಧವೇ. ತಪ್ಪೊಪ್ಪಿಗೆ ಇತ್ತು, ಸರಪಳಿಯ ಗುರುತು ಹೊಂದಿತ್ತು, ಲಾಕ್ಲನ್‌ನ ಹೇಳಿಕೆ ಇತ್ತು. ಅಂದು ಮಧ್ಯಾಹ್ನ ಚರ್ಚಿನ ಬಾಗಿಲಲ್ಲೇ ಡೊಲೀನಾಳನ್ನು ಬಂಧಿಸಲಾಯಿತು. ಕೋಳ ಹಾಕಲಿಲ್ಲ. ಅವಳೇ ನಡೆದುಬಂದು ಜೀಪಿನಲ್ಲಿ ಕೂತಳು.

"ಅತ್ತೆ," ಎಂದ ಲಾಕ್ಲನ್, "ಗೋಡೆ ಪಕ್ಕ ಎಲ್ಲೋ ಹೂತಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಸಮಾಧೀನೇ ಯಾಕೆ?"

ಅವಳು ಚರ್ಚಿನ ಕಡೆ ತಿರುಗಿದಳು. ಆಮೇಲೆ ಹೇಳಿದ್ದನ್ನು ಇಷ್ಬೆಲ್ ಬರೆದುಕೊಂಡಳು. ಪ್ರಕರಣದ ಕೊನೆಯ ಹೇಳಿಕೆ ಅದು.

"ಆಸ್ಪತ್ರೇಲಿ ಕೊನೇ ದಿನ ನರ್ಸು ಬಂದು, ಮುರ್ಡೋ ಮ್ಯಾಕ್‌ಎಲ್ರಿಗ್ ಯಾರು ಅಂತ ಕೂಗಿದ್ಳು. ಇವನು ಬಾಯಿ ಬಿಡಲಿಲ್ಲ. ನೀವೇ ಅಲ್ವಾ ಅಂದ್ಳು. ಆ ಹೆಸರು ನಂದಲ್ಲಂತೆ ತಾಯೀ, ವಾಪಸ್ ಇಸ್ಕೊಂಡ್ರು ಅಂದ. ಹಾಗಾದ್ರೆ ನಿಮ್ಮ ಹೆಸರೇನು ಅಂತ ಕೇಳಿದ್ಳು. ಗೊತ್ತಿಲ್ಲ ಅಂದ. ಅದೇ ಕೊನೇ ಮಾತು. ಎಪ್ಪತ್ತು ವರ್ಷ ಬದುಕಿದೋನು ಹೆಸರಿಲ್ಲದೆ ಸತ್ತ ಕಣೋ. ಇಡೀ ಕಣಿವೇಲಿ ಆ ಹೆಸರು ಆಳವಾಗಿ ಕೆತ್ತಿರೋ ಕಲ್ಲು ಅದೊಂದೇ ಇತ್ತು. ಅದರ ಕೆಳಗೆ ಮಲಗಿಸ್ದೆ."