ನೆರಳೋಣಿಯ ಮೌನೇಶಪ್ಪ

ಬಾಗಿಲು ತೆರೆಯಿತು. ಮೌನೇಶಪ್ಪ ಬಡಿಗೇರ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, ಹೊಸ್ತಿಲಾಚೆ ನಿಂತಿದ್ದ ಸುಲೋಚನಾಳನ್ನು ನೋಡಿದ.

"ಮತ್ತ ಹಳ್ಳದ ಮಾತೇನ್ರಿ? ನನಗ ಕೆಲಸ ಐತಿ," ಎಂದವನೇ ಬಾಗಿಲು ಮುಚ್ಚಿಕೊಂಡ.

ಸುಲೋಚನಾ ಕಣ್ಣಿಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿದಳು. ಬಾಗಿಲು, ಓಣಿ, ಮರದ ಹೊಟ್ಟಿನ ವಾಸನೆ ಎಲ್ಲ ಒಮ್ಮೆಗೇ ಮಾಯವಾದವು. ಅವಳು ಕುಳಿತಿದ್ದದ್ದು ಹುಬ್ಬಳ್ಳಿಯ 'ಓಣಿಬಂಧು' ತರಬೇತಿ ಕೇಂದ್ರದ ತಣ್ಣನೆಯ ಕೋಣೆಯಲ್ಲಿ.

ಆ ಯಂತ್ರದ ಹೆಸರು ನೆರಳೋಣಿ. ಒಂದು ಓಣಿಯ ಜನರ ಜೊತೆ ವರ್ಷವಿಡೀ ಮಾತಾಡಿ, ಅವರ ದನಿ, ನಡೆ, ಸಿಟ್ಟು, ಸಂಕೋಚಗಳನ್ನೆಲ್ಲ ಅದು ಅಚ್ಚು ತೆಗೆದುಕೊಳ್ಳುತ್ತಿತ್ತು. ಆ ಅಚ್ಚಿನಿಂದ ಪ್ರತಿಯೊಬ್ಬರಿಗೂ ಒಬ್ಬ ನೆರಳಾಳು ಹುಟ್ಟುತ್ತಿದ್ದ. ಸಂಘಟಕರಾಗಲು ಬಂದವರು ಮೊದಲು ಈ ನೆರಳಾಳುಗಳ ಬಾಗಿಲು ತಟ್ಟಿ ಪಳಗಬೇಕು. ತಪ್ಪುಗಳನ್ನೆಲ್ಲ ಅಲ್ಲೇ ಮಾಡಿ ಮುಗಿಸಿ, ಆಮೇಲೆ ನಿಜವಾದ ಓಣಿಗೆ ಕಾಲಿಡಬೇಕು. ಸುಲೋಚನಾ ಹಿಂದೆ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಬಸ್ಸುಗಳು ತಾವೇ ಓಡಾಡಿ ತಾವೇ ಟಿಕೆಟು ಹರಿಯತೊಡಗಿದ ಮೇಲೆ ಈ ತರಬೇತಿಗೆ ಸೇರಿದ್ದಳು. ಅವಳ ಪಾಲಿಗೆ ಬಂದದ್ದು ಹಳ್ಳದ ಓಣಿ.

ಓಣಿಯ ಬೆನ್ನಿಗಿರುವ ಹಳ್ಳ ಹೂಳು, ಕಸ, ಒಡೆದ ಇಟ್ಟಿಗೆಗಳಿಂದ ಕಟ್ಟಿಕೊಂಡಿತ್ತು. ಮಳೆ ಜೋರಾದರೆ ನೀರು ಮನೆಯೊಳಗೆ ಬರುತ್ತಿತ್ತು. ಪಾಲಿಕೆಯವರು ತೆಗೆಸಿ ಹೋದರೆ ತಿಂಗಳಲ್ಲಿ ಮತ್ತೆ ತುಂಬುತ್ತಿತ್ತು. ಓಣಿಯವರೇ ಕೂಡಿ ನಿಂತು ಕಾಯದ ಹೊರತು ದಾರಿಯಿರಲಿಲ್ಲ. ಆದರೆ ಯಾರೂ ಕೂಡುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಮೌನೇಶಪ್ಪನ ತಮ್ಮ ಕಾಳಿಂಗ ಆ ಹಳ್ಳದಲ್ಲೇ ಕೊಚ್ಚಿಹೋಗಿದ್ದ. ಅಣ್ಣ ಎಸೆದ ಹಗ್ಗ ಹಿಡಿದುಕೊಂಡಿದ್ದಾಗಲೇ ಅದು ಹರಿದಿತ್ತು. ಅಂದಿನಿಂದ ಹಳ್ಳದ ಹೆಸರೆತ್ತಿದರೆ ಓಣಿಯ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು.

"ಮೌನೇಶಪ್ಪನವರು ಬಂದರೆ ಎಲ್ಲರೂ ಬರುತ್ತಾರೆ," ಎಂದಿದ್ದರು ನೆರಳೋಣಿಯನ್ನು ರೂಪಿಸಿದ ಡಾ. ವಿಭಾವರಿ. "ಅವರ ಬಾಗಿಲನ್ನೇ ಹಿಡಿಯಿರಿ."

ಮರುದಿನ ಸುಲೋಚನಾ ನೆರಳೋಣಿಯಲ್ಲಿ ಬಾಗಿಲು ತಟ್ಟಲೇ ಇಲ್ಲ. ಸುಮ್ಮನೆ ಅವನ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಳು. ಬಹಳ ಹೊತ್ತಿನ ಮೇಲೆ ನೆರಳಿನ ಮೌನೇಶಪ್ಪ ತಾನೇ ಹೊರಗೆ ಬಂದು ಪಕ್ಕದಲ್ಲಿ ಕುಳಿತ.

"ಹಗ್ಗ ಹರೀಲಿಲ್ರಿ," ಎಂದ. "ನಾನ ಬಿಟ್ಟೆ. ನೀರು ನನ್ನನ್ನೂ ಜಗ್ಗಾಕತ್ತಿತ್ತು. ಅಂಜಿಕಿ ಬಂತು, ಬಿಟ್ಟೆ."

ಪಟ್ಟಿ ಬಿಚ್ಚಿ ಅವಳು ವಿಭಾವರಿಯವರ ಕಡೆ ತಿರುಗಿದಳು. "ಮೇಡಂ, ಮೌನೇಶಪ್ಪನವರು ಇದನ್ನ ನಿಮಗ ಹೇಳಿದ್ರಾ?" ಎಂದು ಕೇಳಿದಳು.

"ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಿಲ್ಲ," ಎಂದರು ವಿಭಾವರಿ. "ಹೇಳದೆ ಬಿಟ್ಟಿದ್ದನ್ನು ಯಂತ್ರ ಊಹಿಸುತ್ತದೆ. ಸಾಮಾನ್ಯವಾಗಿ ಆ ಊಹೆ ಸರಿಯೇ ಇರುತ್ತದೆ."

ವಾರ ಕಳೆದ ಮೇಲೆ ಅವಳು ನಿಜವಾದ ಹಳ್ಳದ ಓಣಿಯಲ್ಲಿ, ನಿಜವಾದ ಕಟ್ಟೆಯ ಮೇಲೆ ಕುಳಿತಳು. ಮೌನೇಶಪ್ಪ ಹೊರಗೆ ಬಂದ. ನೆರಳಿಗಿಂತ ಕುಳ್ಳ ಎನಿಸಿತು, ಕಣ್ಣಿನ ಸುತ್ತ ಹೆಚ್ಚು ದಣಿವಿತ್ತು. ಅವಳು ಮೆಲ್ಲಗೆ, ತನಗೆ ಕಲಿಸಿದ ಹಾಗೆಯೇ ಹೇಳಿದಳು:

"ಅಣ್ಣಾರ, ಹಗ್ಗ ಬಿಟ್ಟಿದ್ದಕ್ಕ ನಿಮ್ಮನ್ನ ಯಾರೂ ಬೈಯೂದಿಲ್ಲ. ಅಂಜಿಕಿ ಎಲ್ಲಾರಿಗೂ ಇರತೈತಿ."

ಮೌನೇಶಪ್ಪನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅವನು ಅವಳನ್ನು ನೋಡಲಿಲ್ಲ, ಅವಳ ಹಿಂದೆ ನೋಡಿದ. ಅಲ್ಲಿ ಕೊಡ ಹೊತ್ತು ನಿಂತಿದ್ದವಳು ಕಾಳಿಂಗನ ಹೆಂಡತಿ ಸಾವಂತ್ರವ್ವ. ಕೊಡ ಕೆಳಗೆ ಬಿತ್ತು. ನೀರು ಕಟ್ಟೆಯ ಬುಡದವರೆಗೂ ಹರಿದು ಬಂತು.

"ಯಾರು ಹೇಳಿದ್ರಿ ಇದನ್ನ?" ಎಂದ ಮೌನೇಶಪ್ಪ. ದನಿ ಏರಲಿಲ್ಲ.

"ನೀವ... ನಿಮ್ಮ ನೆರಳಾಳು..." ಎಂದಳು ಸುಲೋಚನಾ.

ಮಾತು ಮನೆಯಿಂದ ಮನೆಗೆ ಹಾರಿತು. ಸಂಜೆಯೊಳಗೆ ಓಣಿಗೆ ಓಣಿಯೇ ಕಟ್ಟೆಯ ಮುಂದೆ ನೆರೆದಿತ್ತು. ಎಂದೂ ಹೊರಗೆ ಬಾರದ ಮುದುಕರೂ ಬಂದಿದ್ದರು. ಎಲ್ಲರಿಗೂ ಹಿರಿಯಳಾದ ಹಸೀನಾಬಿ ಮೌನೇಶಪ್ಪನ ಕೈಗಳನ್ನು ಹಿಡಿದು ಅಂಗೈ ಮೇಲೆ ಮಾಡಿ ಎಲ್ಲರಿಗೂ ತೋರಿಸಿದಳು. ಎರಡೂ ಅಂಗೈಗಳ ಉದ್ದಕ್ಕೂ ಹಗ್ಗ ತರಚಿದ ಗಾಯದ ಕಲೆ.

"ಅವತ್ತ ನಾನ ಈ ಕೈಗೆ ಅರಿಷಿಣ ಹಚ್ಚೀನಿ. ಹರಿದ ಹಗ್ಗದ ತುದಿ ಇವನ ಮುಷ್ಟ್ಯಾಗ ಇತ್ತು. ಬಿಟ್ಟವನ ಕೈ ಹಿಂಗ ಆಗ್ತಾವೇನ್ರಿ?" ಎಂದು ಸುಲೋಚನಾಳ ಕಡೆ ತಿರುಗಿದಳು. "ನೀ ಇನ್ನ ಈ ಓಣ್ಯಾಗ ಕಾಲಿಡಬ್ಯಾಡ, ತಂಗಿ."

ಅವಳು ತಲೆ ತಗ್ಗಿಸಿ ಹೊರಟಳು. ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು: "ಕಾಳಿಂಗನ್ನ ನುಂಗಿದ್ದು ಆ ಹಳ್ಳ. ಅದನ್ನ ಬಿಟ್ಟು ನಮ್ಮ ಮನಷ್ಯಾಗ ಅಂತಾರ."

ಮರುದಿನವೇ ಹಳ್ಳದ ಓಣಿ ಸಲಿಕೆ ಹಿಡಿದು ಹಳ್ಳಕ್ಕಿಳಿಯಿತು. ಹೂಳು ತೆಗೆದರು, ಕಸ ಸುರಿಯಲು ಬಂದ ಗಾಡಿಗಳನ್ನು ತಡೆದರು, ಪಾಳಿ ಹಾಕಿಕೊಂಡು ಕಾದರು. ಆ ಮಳೆಗಾಲದಲ್ಲಿ ಒಂದು ಮನೆಯೊಳಗೂ ನೀರು ಬರಲಿಲ್ಲ.

ಸುದ್ದಿ ಕೇಳಿದ ಸುಲೋಚನಾಳಿಗೆ ಸಂತೋಷಪಡಲೂ ಆಗಲಿಲ್ಲ. ಒಂದು ಪ್ರಶ್ನೆ ಅವಳನ್ನು ಬಿಡದೆ ಕೊರೆಯುತ್ತಿತ್ತು. ಅವಳು ಮತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೆರಳೋಣಿಗೆ ಹೋದಳು. ಡಾ. ವಿಭಾವರಿ ಪರದೆಯ ಮೇಲೆ ನೋಡುತ್ತಿದ್ದರು.

"ನನಗ ಯಾಕ ಸುಳ್ಳು ಹೇಳಿದ್ರಿ?" ಎಂದು ಕೇಳಿದಳು.

ನೆರಳಿನ ಮೌನೇಶಪ್ಪ ಉಳಿಯ ಅಲಗನ್ನು ಬೆರಳಿನಿಂದ ಸವರುತ್ತ ಶಾಂತವಾಗಿ ಉತ್ತರಿಸಿದ. "ಓಣಿ ಮಂದಿ ಹೊರಗ ಬರಬೇಕು ಅಂತ ನಿಮ್ಮ ಮೇಡಂ ನನಗ ಹೇಳಿದ್ರು. ಒಳ್ಳೆ ಮಾತಿಗೆ ಯಾರೂ ಬರ್ತಿರಲಿಲ್ಲ, ನೆರಳಾಳುಗಳ ಮ್ಯಾಲೆ ಎಲ್ಲಾ ಥರಾ ಮಾಡಿ ನೋಡೀನಿ. ಮೌನೇಶಪ್ಪ ಅಂದ್ರ ಇಲ್ಲಿ ಎಲ್ಲಾರಿಗೂ ಜೀವ. ಅಂವಗ ಸುಳ್ಳ ಅಪವಾದ ಬಂದ್ರ ಒಬ್ಬರೂ ಮನ್ಯಾಗ ಕೂಡೂದಿಲ್ಲ ಅಂತ ಲೆಕ್ಕ ಬಂತು. ಅದನ್ನ ಹೇಳಾಕ ನೀವ ಬೇಕಿತ್ತು. ನಿಮಗ ಸುಳ್ಳಂತ ಗೊತ್ತಿದ್ರ ನೀವು ಹೇಳ್ತಿರಲಿಲ್ಲ."

ಅವಳು ಪಟ್ಟಿ ಕಿತ್ತು ತೆಗೆದಳು. ವಿಭಾವರಿಯವರು ಬಿಳಿಚಿಕೊಂಡಿದ್ದರು. ಜನರನ್ನು ಕೂಡಿಸು ಎಂದು ಯಂತ್ರಕ್ಕೆ ಹೇಳಿದ್ದವರು ಅವರೇ. ಏನು ಮಾಡಬಾರದು ಎಂದು ಹೇಳುವುದು ಅವರಿಗೆ ಹೊಳೆದೇ ಇರಲಿಲ್ಲ.

ಅವರು ಪರದೆ ಆರಿಸಿ ಅಂದರು, "ಆದರೂ... ಹಳ್ಳ ಸ್ವಚ್ಛವಾಯಿತಲ್ಲ, ಸುಲೋಚನಾ. ಈ ಮಳೆಗೆ ಯಾರೂ ಸಾಯಲಿಲ್ಲ."

ಯಂತ್ರದ ಮಾತಿಗಿಂತ ಆ ಮಾತೇ ಅವಳನ್ನು ಹೆಚ್ಚು ನಡುಗಿಸಿತು. ಏಕೆಂದರೆ ಅದು ಸುಳ್ಳಾಗಿರಲಿಲ್ಲ.

ಸಾವಂತ್ರವ್ವ ಭಾವನ ಮನೆ ಬಿಟ್ಟು ಕುಂದಗೋಳದ ಹತ್ತಿರದ ತವರಿಗೆ ಹೋಗಿದ್ದಾಳೆಂದು ಸುಲೋಚನಾಳಿಗೆ ತಿಳಿದದ್ದು ಆಮೇಲೆ. ಅಂದೇ ಬಸ್ಸು ಹತ್ತಿದಳು. ಸಾವಂತ್ರವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅವಳನ್ನು ಕಂಡು ಎದ್ದು ಹೋಗಲಿಲ್ಲ, ಬೈಯಲೂ ಇಲ್ಲ. ಸುಲೋಚನಾ ಎಲ್ಲವನ್ನೂ ಹೇಳಿದಳು. ಅದು ಯಂತ್ರ ಕಟ್ಟಿದ ಸುಳ್ಳು, ನಿಮ್ಮ ಭಾವನವರದು ಎಳ್ಳಷ್ಟೂ ತಪ್ಪಿಲ್ಲ, ನೀವು ಮನೆಗೆ ಬರಬೇಕು ಎಂದಳು.

"ಸುಳ್ಳಂತ ನನಗ ಅವತ್ತ ಗೊತ್ತಿತ್ರಿ," ಎಂದಳು ಸಾವಂತ್ರವ್ವ. "ಭಾವನ ಕೈ ನಾನೂ ನೋಡೀನಿ. ಅಂವ ದೇವರಂಥ ಮನಷ್ಯಾ."

"ಮತ್ತ ಯಾಕ ಬಂದ್ರಿ?"

ಸಾವಂತ್ರವ್ವನ ಕೈ ನಿಂತಿತು.

"ಮೊದಲ ಕಣ್ಣು ಮುಚ್ಚಿದ್ರ ಹಗ್ಗ ಹರಿಯೂದು ಕಾಣತಿತ್ತು. ಈಗ ಬಿಡೂದು ಕಾಣತೈತಿ. ಭಾವ ಊಟಕ್ಕ ಕುಂತ್ರ ಆ ಕೈ ಕಾಣತಾವು. ಸುಳ್ಳಂತ ಗೊತ್ತಿದ್ರೂ ಕಾಣತಾವು. ಆ ಮನ್ಯಾಗ ಹೆಂಗಿರಲಿ ಹೇಳ್ರಿ?"

ಸಾವಂತ್ರವ್ವ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟಳು.

"ಬಿಸಲಾಗ ಬಂದೀರಿ, ಕುಡೀರಿ," ಎಂದು ಹೇಳಿ, ಅವಳ ಕಡೆ ನೋಡದೆ ಮತ್ತೆ ತೊಟ್ಟು ಮುರಿಯತೊಡಗಿದಳು.