ಅನಾನಸ್ ಹುಳಿಯ ಹೆಪ್ಪು

"ಏನ್ರೀ ಇದು? ಸೌತೆಕಾಯಿಗೆ ಬ್ಯಾಟರಿ ನೀರು ಹಾಕೀರೇನು?"

ನಂದನನಿಗೆ ನಾನು ಆಡಿದ ಮೊದಲ ಮಾತು ಅದು. ಶಿರಸಿಯ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಅವನು ಆಗಷ್ಟೇ ಊಟದ ಅಂಗಡಿ ತೆರೆದಿದ್ದ. ಮಧ್ಯಾಹ್ನಕ್ಕೆ ರೊಟ್ಟಿ-ಪಲ್ಯ, ಜೊತೆಗೆ ಡಬ್ಬಿಯಲ್ಲಿ ಸಲಾಡ್. ಬಾಗಿಲಲ್ಲಿ "ಹೆಲ್ದಿ" ಎಂದು ಬೋರ್ಡು ಬೇರೆ. ನಾನು ಪಕ್ಕದ ಬೀದಿಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ದಿನಾ ಬನವಾಸಿ ಕಡೆಯಿಂದ ಬಸ್ಸಿನಲ್ಲಿ ಬಂದು ಜನರ ಸಕ್ಕರೆ ಎಷ್ಟು, ಉಪ್ಪು ಎಷ್ಟು ಅಂತ ಹೇಳುವುದೇ ನನ್ನ ಉದ್ಯೋಗ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೇಳಿ ನಾಲಿಗೆಗೂ ಅದೇ ಅಭ್ಯಾಸವಾಗಿದೆ.

ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಎತ್ತರದ ಆಳು, ಕಿವಿಯ ಹತ್ತಿರ ಹಿಟ್ಟು ಮೆತ್ತಿತ್ತು.

"ಎಂತ ಆತು ಮೇಡಂ? ವಿನೆಗರ್ ಅದು. ಒಳ್ಳೆ ಕಂಪೆನಿದೇ."

"ಕಂಪೆನಿ ಹೆಸರು ನಾಲಿಗಿಗೆ ಓದಾಕ ಬರ್ತದೇನ್ರೀ? ಹುಳಿ ಅಂದ್ರ ಬಾಯಾಗ ನೀರು ಬರಬೇಕು. ಇದು ಕಣ್ಣಾಗ ತರಸ್ತೈತಿ."

ಊಟ ಮಾಡುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಅವನ ಮುಖ ಕೆಂಪಾಯಿತು. ಆದರೂ ಸೋಲಲಿಲ್ಲ.

"ಹಂಗಾರೆ ನೀವೇ ಒಂದು ಮಾಡಿ ತನ್ನಿ. ನೋಡ್ವ."

"ತರ್ತೀನ್ರಿ. ನಾಳೆನ ತರ್ತೀನಿ."

ಈ ದಾಕ್ಷಾಯಣಿಗೆ ಸೊಕ್ಕು ಅಂತ ನಮ್ಮ ಊರಿನವರು ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಬರಿಗೈಯ ಸೊಕ್ಕಲ್ಲ ಅದು. ನಮ್ಮ ಮನೆಯಲ್ಲಿ ಅಜ್ಜಿ ಕಲ್ಲವ್ವ ಹಾಕುವ ಅನಾನಸ್ ಹುಳಿ ಇದೆಯಲ್ಲ, ಅದನ್ನು ಒಂದು ಸಲ ಮೂಸಿದವರು ನನ್ನ ಸೊಕ್ಕನ್ನು ಒಪ್ಪಿಕೊಳ್ಳುತ್ತಾರೆ. ನಮ್ಮ ಹೊಲದಲ್ಲಿ ಅನಾನಸ್ ಬೆಳೆಯುತ್ತೇವೆ. ಹಣ್ಣು ಪೇಟೆಗೆ ಹೋಗುತ್ತದೆ, ಒಡೆದದ್ದು ಮನೆಗೆ ಉಳಿಯುತ್ತದೆ. ಅದರ ಸಿಪ್ಪೆ, ನಡುವಿನ ದಿಂಡು ಎಲ್ಲವನ್ನೂ ಬೆಲ್ಲದ ನೀರಿನ ಜೊತೆ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಜ್ಜಿ ಮೂಲೆಯಲ್ಲಿಡುತ್ತಾಳೆ. ಮೊದಲು ಹೆಂಡದ ವಾಸನೆ ಬರುತ್ತದೆ. ಬರಬರುತ್ತ ಹುಳಿಯಾಗುತ್ತದೆ, ಮೇಲೊಂದು ಬಿಳಿ ಕೆನೆ ಕಟ್ಟುತ್ತದೆ. ಅದೇ ಅದರ ಹೆಪ್ಪು. ಮೊಸರಿಗೆ ಹೆಪ್ಪು ಹಾಕಿದಂತೆ ಹಳೆ ಭರಣಿಯದನ್ನು ಹೊಸ ಭರಣಿಗೆ ಹಾಕಬೇಕು. ಅಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ತಂದ ಹೆಪ್ಪು ಇನ್ನೂ ನಡೆಯುತ್ತಿದೆ.

ಮರುದಿನ ಮಧ್ಯಾಹ್ನ ಆ ಹುಳಿಯ ಬಾಟಲಿ ಹಿಡಿದು ಅವನ ಅಡುಗೆಮನೆಗೇ ನುಗ್ಗಿದೆ. ಅರೆದ ಸಾಸಿವೆ ಮನೆಯಿಂದಲೇ ತಂದಿದ್ದೆ. ಬಟ್ಟಲಿಗೆ ಹುಳಿ ಸುರಿದು, ಉಪ್ಪು ಹಾಕಿ ಕರಗಿಸಿದೆ. ಎಣ್ಣೆ ಬಿದ್ದ ಮೇಲೆ ಉಪ್ಪು ಕರಗುವುದಿಲ್ಲ, ಅದಕ್ಕೇ ಅದು ಮೊದಲು. ಆಮೇಲೆ ಸಾಸಿವೆ, ಸ್ವಲ್ಪ ಜೇನು, ಕುಟ್ಟಿದ ಕಾಳುಮೆಣಸು. ಕೊನೆಗೆ ಗಾಣದ ಶೇಂಗಾ ಎಣ್ಣೆಯ ಬಾಟಲಿಯನ್ನು ಅವನ ಕೈಗೆ ಕೊಟ್ಟೆ.

"ದಾರದಂಗ ಬಿಡ್ರಿ, ಸಣ್ಣಗ. ನಾ ತಿರುವುತೀನಿ. ಒಮ್ಮೆಲೆ ಸುರಿದ್ರ ಎರಡೂ ಬ್ಯಾರೆ ಬ್ಯಾರೆ ನಿಲ್ತಾವ."

ಅವನು ಬಿಟ್ಟ. ನಾನು ತಿರುವಿದೆ. ನೀರಿನಂತಿದ್ದದ್ದು ನಿಧಾನಕ್ಕೆ ಗಟ್ಟಿಯಾಗಿ, ಹಳದಿ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಎಣ್ಣೆಯ ದಾರ ಬಟ್ಟಲು ಬಿಟ್ಟು ಕಟ್ಟೆಯ ಮೇಲೆ ಹರಿಯತೊಡಗಿತು.

"ಎಣ್ಣಿ ನೋಡ್ರಿ!"

"ನೋಡ್ತಾ ಇದ್ನಲ್ರಾ."

"ಎಣ್ಣಿ ಇಲ್ಲಿ ಕೆಳಗೈತಿ. ನನ್ನ ಮಾರಿ ಮ್ಯಾಲಿಲ್ಲ."

ಈ ಸಲ ಅವನ ಕಿವಿಯೂ ಕೆಂಪಾಯಿತು. ಒಂದು ಸೌತೆಕಾಯಿ ಹೋಳು ಎತ್ತಿ, ಬಟ್ಟಲಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿದ. ಉದ್ದನೆಯ ರೆಪ್ಪೆಗಳು. ಗಂಡಸರಿಗೆ ಅಷ್ಟು ಉದ್ದದ ರೆಪ್ಪೆ ಯಾಕೆ ಬೇಕೋ, ದೇವರೇ ಬಲ್ಲ.

"ಚೊಲೊ ಐತೇನು?" ನಾನೇ ಕೇಳಬೇಕಾಯಿತು.

"ಚೊಲೊ ಅಂದ್ರೆ ಸಾಕಾಗ್ತಿಲ್ಲೆ," ಅಂದ ಕಣ್ಣು ಬಿಡದೆ. "ಇನ್ನೊಂದು ಹೋಳು ತಿಂದು ಹೇಳ್ತೆ."

ಅಂದಿನಿಂದ ನನ್ನ ಮಧ್ಯಾಹ್ನದ ಊಟ ಅಲ್ಲೇ. ಹುಳಿ ನಾನು ತರುವುದು, ಸಲಾಡಿನ ಡ್ರೆಸ್ಸಿಂಗ್ ಅವನು ಮಾಡುವುದು, ತಪ್ಪು ನಾನು ಹುಡುಕುವುದು. ಸಾಸಿವೆ ಕಹಿಯಾಗಿದೆ ಅಂದರೆ ವಾದಕ್ಕೆ ನಿಲ್ಲುತ್ತಿದ್ದ. ಜೇನು ಹೆಚ್ಚಾಯಿತು ಅಂದರೆ, "ನಿಮ್ಮ ಮಾತಿಗೆ ಅಷ್ಟಾದ್ರೂ ಬೇಕು ಮಾರಾಯ್ರೆ," ಅನ್ನುತ್ತಿದ್ದ. ಗಿರಾಕಿಗಳು ನಮ್ಮಿಬ್ಬರದು ಎಣ್ಣೆ-ಸೀಗೇಕಾಯಿ ಅಂತ ನಗುತ್ತಿದ್ದರು. ಅವರಿಗೇನು ಗೊತ್ತು, ಬಸ್ಸಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಆ ಜಗಳವನ್ನೇ ಮೆಲುಕು ಹಾಕುತ್ತಿದ್ದೆ ಅಂತ.

ಒಂದು ದಿನ ಅವನು 'ಮೇಡಂ' ಬಿಟ್ಟು, "ದಾಕ್ಷಾಯಣಿ, ಉಪ್ಪು ನೋಡು," ಅಂದ. ಅಷ್ಟೇ. ಆ ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬ ಹಿರಿಯರಿಗೆ ಎರಡು ಸಲ ಚುಚ್ಚಿದರೂ ನನಗೆ ನರ ಸಿಗಲಿಲ್ಲ.

ಆದರೆ ಅದಕ್ಕಿಂತ ಮುಂದಕ್ಕೆ ಅವನು ಹೋಗಲಿಲ್ಲ. ಕಾರಣ ನನಗೂ ಗೊತ್ತಿತ್ತು. ಅವನು ಸಿದ್ದಾಪುರದ ನಿಲ್ಕುಂದದವನು, ಕುಲ ಬೇರೆ, ಮಾತು ಬೇರೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಅಪ್ಪ ಮಧುಕೇಶ್ವರ ಯಾವುದಕ್ಕೂ "ನಿಮ್ಮಜ್ಜಿನ್ನ ಕೇಳು" ಅನ್ನುವವರು. ಅಜ್ಜಿ ಹೂಂ ಅಂದರೆ ಊರೇ ಎದುರು ನಿಂತರೂ ಮದುವೆ ಆಗುತ್ತದೆ. ಅಜ್ಜಿ ಬೇಡ ಅಂದರೆ ಮುಗಿಯಿತು, ಅವಳನ್ನು ದಾಟಿ ಹೋಗಲು ನನಗೆ ಮನಸ್ಸಿಲ್ಲ. ಆದರೆ ಅಜ್ಜಿಯ ಮುಂದೆ ಬಾಯಿ ಬಿಡುವುದಾದರೂ ಏನೆಂದು? ಅವನೇ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಮೊದಲು ಅವನು ಹೇಳಲಿ, ಆಮೇಲೆ ನಾನು ನೋಡಿಕೊಳ್ಳುತ್ತೇನೆ ಅಂತ ನಾನೂ ಬಿಗಿಯಾಗಿದ್ದೆ. ನಾನಾಗಿ ಹೇಳಿಕೊಂಡು ಹೋಗುವ ಹುಡುಗಿಯಲ್ಲ.

ಅಜ್ಜಿ ಮಾತ್ರ ಒಂದೆರಡು ಸಲ ಕೆಣಕಿದ್ದಳು. "ಯಾರಿಗವ್ವ ಇಷ್ಟು ಹುಳಿ?"

"ಅಂಗಡಿಗೆ."

"ಅಂಗಡಿ ಭಾಳ ಚಂದ ಐತೇನು?"

ನಾನು ಬಾಟಲಿ ಎತ್ತಿಕೊಂಡು ಬಸ್ಸಿಗೆ ಓಡಿದ್ದೆ.

ಏಪ್ರಿಲ್‌ನಲ್ಲಿ ಅವನ ಗೆಳೆಯ ಉಲ್ಲಾಸನ ಮದುವೆ ಬಂತು, ಯಲ್ಲಾಪುರದಲ್ಲಿ. ಊಟ ನಂದನನದೇ. ಎಲೆಯ ತುದಿಗೆ ಕೋಸಂಬರಿಯ ಪಕ್ಕ ನಮ್ಮ ಡ್ರೆಸ್ಸಿಂಗ್ ಹಾಕಿದ ಸಲಾಡ್ ಬಡಿಸುತ್ತೇನೆ ಅಂದ. "ಬಡಿಸುವಾಗ ಹೇಳಿಯೇ ಬಡಿಸ್ತೆ, ಇದು ಬನವಾಸಿ ಬದಿ ದಾಕ್ಷಾಯಣಿಯ ಹುಳಿ ಅಂತ." ಒಳಗೊಳಗೇ ಹಿಗ್ಗಿದೆ. ಹೊರಗೆ, "ಹೇಳದಿದ್ರ ಹುಳಿ ವಾಪಸ್ ತಗೋತೀನಿ," ಅಂದೆ. ಅಜ್ಜಿಯನ್ನು ಕೇಳಿ ಸಣ್ಣ ಭರಣಿಯನ್ನೇ ಹೆಪ್ಪಿನ ಸಮೇತ ಅವನಿಗೆ ಸಾಗಿಸಿದೆ. ಮುಂದೆ ತನ್ನ ಹುಳಿ ತಾನೇ ಹಾಕಿಕೊಳ್ಳಲಿ ಅಂತ.

ಮದುವೆಯ ಹಿಂದಿನ ಸಂಜೆ. ಅಜ್ಜಿ ದೇವರಿಗೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು ಹೊರಗೆ ಬಂದು ಕೂತಿದ್ದಳು. ಅಪ್ಪ ಮೊಬೈಲಿನಲ್ಲಿ ಸುದ್ದಿ ಕೇಳುತ್ತಿದ್ದರು. ಅಂಗಳದಲ್ಲಿ ಬೈಕು ನಿಂತಿತು. ಮೈಯೆಲ್ಲ ಧೂಳಾಗಿ, ಎದೆಗೆ ನಮ್ಮ ಭರಣಿ ಅವುಚಿಕೊಂಡು ನಂದನ ನಿಂತಿದ್ದ. ನಮ್ಮ ಮನೆಗೆ ಅವನು ಬಂದದ್ದು ಅದೇ ಮೊದಲು.

"ತಪ್ಪಾತು," ಅಂದ. ನನಗಲ್ಲ, ಅಜ್ಜಿಗೆ. "ಹುಳಿ ಹಾಳು ಮಾಡ್ದೆ ಅಜ್ಜಿ. ಕುದಿಸಿಬಿಟ್ಟೆ."

"ಏನ ಮಾಡಿದಿ?"

"ಮೇಲೆ ಬಿಳಿ ಕಟ್ಟಿತ್ತು. ನಮ್ಮಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಗೆ ಉಪ್ಪುನೀರು ಕುದಿಸಿ, ಆರಿಸಿಯೇ ಹಾಕೋದು. ಕುದಿಸದಿದ್ರೆ ಕೆಡ್ತದೆ. ಇದೂ ಹಂಗೇ ಅಂದ್ಕಂಡೆ. ಆರಿದ ಮೇಲೆ ಮೂಸಿದ್ರೆ ಪರಿಮಳವೇ ಇಲ್ಲೆ. ಹೆಪ್ಪು ಮುದ್ದೆಯಾಗಿ ತಳಕ್ಕೆ ಕೂತಿದೆ."

ಅಪ್ಪ ಸುದ್ದಿ ನಿಲ್ಲಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಹುಳಿಯನ್ನು ಯಾರಾದರೂ ಕುದಿಸುತ್ತಾರೆಯೇ? ಕುದಿಸಬೇಡ ಅಂತ ಅದನ್ನೂ ಹೇಳಿಕೊಡಬೇಕೇ? ಆದರೆ ಅವನ ಮುಖ ನೋಡಿದರೆ ಬೈಯುವ ಹಾಗಿರಲಿಲ್ಲ. ಮಗುವನ್ನು ಬೀಳಿಸಿದವನಂತೆ ಆ ಭರಣಿ ಹಿಡಿದಿದ್ದ.

ಅಜ್ಜಿ ಕೇಳಿದಳು, "ಪ್ಯಾಟ್ಯಾಗ ಬಾಟ್ಲಿ ಸಿಗತಾವಲ್ಲ. ಒಂದು ತಂದು ಸುರೀಬೇಕಿತ್ತು. ಉಣ್ಣಾವ್ರಿಗೆ ಏನು ತಿಳೀತದ?"

"ಉಣ್ಣೋರಿಗೆ ತಿಳೀದೆ ಇರ್ಬಹುದು. ಇದು ದಾಕ್ಷಾಯಣಿಯ ಹುಳಿ ಅಂತ ಹೇಳಿ ಬಡಿಸ್ತೆ ಅಂದಿದ್ದೆ. ಬೇರೆದನ್ನ ಹಾಕಿ ಅವಳ ಹೆಸರು ಹೇಳೋಕೆ ನನಗೆ ಬಾಯಿ ಬರ್ತಿಲ್ಲೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಎದೆಯುಬ್ಬಿ ಬಂತು. ಇವನನ್ನು ನಾನು ಸುಮ್ಮನೆ ಇಷ್ಟಪಟ್ಟಿಲ್ಲ ಅಂತ ಕೂಗಿ ಹೇಳಬೇಕೆನ್ನಿಸಿತು. ಒಳಗೆ ಹೋಗಿ ದೊಡ್ಡ ಭರಣಿಗೇ ಕೈ ಹಾಕಿದೆ.

"ಏ ದಾಕ್ಷಾಯಣಿ!" ಹೊರಗಿನಿಂದ ಅಜ್ಜಿಯ ದನಿ. "ದೀಪ ಹಚ್ಚೀನಿ, ಕಾಣಲಿಲ್ಲೇನು?"

ಕೈ ಹಿಂದಕ್ಕೆ ಬಂತು. ಮರೆತೇ ಹೋಗಿತ್ತು. ದೀಪ ಹಚ್ಚಿದ ಮೇಲೆ ಉಪ್ಪು, ಹುಳಿ, ಹೆಪ್ಪು ಹೊರಗಿನವರಿಗೆ ಕೊಡುವುದಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿಯೇ ಅದರ ಹಿಂದೆ ಹೊರಟುಹೋಗುತ್ತಾಳೆ. ಅಜ್ಜಿ ಈ ಮಾತಿಗೆ ತಪ್ಪಿದ್ದನ್ನು ನಾನು ಕಂಡಿಲ್ಲ.

"ನಮ್ಮನೇಲೂ ಕೊಡ್ತ್ವಿಲ್ಲೆ," ಅಂದ ನಂದನ. ಅವನ ದನಿಯಲ್ಲಿ ಬೇಸರವಿರಲಿಲ್ಲ. "ಬೆಳಗು ಆಗೋವರೆಗೆ ಇಲ್ಲೇ ಕಟ್ಟೆ ಮೇಲೆ ಕೂತಿರ್ತೆ ಅಜ್ಜಿ. ಅಡುಗೆಗೆ ಹುಡುಗರಿದ್ದಾರೆ. ಸೂರ್ಯ ಮೂಡಿದ ಕೂಡ್ಲೆ ಕೊಡಿ. ಬೈಕಲ್ಲಿ ಹೋದ್ರೆ ಊಟದ ಹೊತ್ತಿಗೆ ಮುಟ್ತೆ."

ಹೇಳಿದವನೇ ಕೂತೂಬಿಟ್ಟ.

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು.

"ಹೊರಗಿನವ್ರಿಗೆ ಕೊಡೂದಿಲ್ಲ, ಖರೆ. ಮನಿ ಮಂದಿ ಯಾವ ಹೊತ್ತಿನ್ಯಾಗ ಒಯ್ದ್ರೂ ಶಾಸ್ತ್ರ ಅಡ್ಡ ಬರೂದಿಲ್ಲ. ಈಗ ನೀ ಹೇಳವ್ವ. ಇಂವ ಹೊರಗಿನವನೋ, ಮನಿಯವನೋ?"

ಅಪ್ಪ ನನ್ನನ್ನು ನೋಡಿದರು. ನಂದನ ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ, ಅಜ್ಜಿ ಕೈಯೆತ್ತಿ ತಡೆದಳು. "ನಿನ್ನ ಕೇಳಿಲ್ಲಪ. ಆಕಿನ್ನ ಕೇಳೀನಿ."

ಮೊದಲು ಅವನು ಹೇಳಬೇಕು ಅಂತ ಇಷ್ಟು ದಿನ ಬಿಗಿದುಕೊಂಡು ಕೂತಿದ್ದೆನಲ್ಲ, ಅದೆಲ್ಲ ಆಗ ಚಿಕ್ಕದಾಗಿ ಕಂಡಿತು. ಬೇರೆಯದಕ್ಕೆ ನನ್ನ ಹೆಸರು ಹೇಳಲಾರೆ ಅಂತ ಶಿರಸಿಯಿಂದ ಓಡಿ ಬಂದವನು ಇನ್ನೇನು ಹೇಳಬೇಕಿತ್ತು? ಉಳಿದದ್ದು ನನ್ನ ಪಾಲಿನ ಮಾತು. ತಲೆ ತಗ್ಗಿಸಿ ಹೇಳುವುದು ನನಗೆ ಬರುವುದಿಲ್ಲ. ಅವನ ಕಣ್ಣನ್ನೇ ನೋಡುತ್ತಾ ಹೇಳಿದೆ.

"ಮನಿಯವ, ಅಜ್ಜಿ. ನಂದನ ನಮ್ಮ ಮನಿಯವ."

ಅಪ್ಪ ಮೆಲ್ಲಗೆ, "ಯವ್ವಾ, ಮಂದಿ ಏನಂದಾರು?" ಅಂದರು.

"ಮಂದಿಗೆ ಊಟಕ್ಕ ಹೇಳು. ಉಂಡು ಮಾತಾಡಲಿ," ಅಂದಳು ಅಜ್ಜಿ. ಮೊಣಕಾಲಿಗೆ ಕೈಕೊಟ್ಟು ಎದ್ದಳು. "ಹುಳಿ ಹಾಳು ಮಾಡಿದವ್ರು ಭಾಳ ಮಂದಿ ಸಿಗತಾರ ಮಧು. ಬಂದು ನನ್ನೆದುರು ನಿಂತು, ನಾನ ಮಾಡಿದೆ ಅನ್ನಾವ ಒಬ್ಬನ ಸಿಕ್ಕಾನ." ಆಮೇಲೆ ಅವನಿಗೆ, "ಮನಿಯವ ಆದಿ ಅಂದ ಮ್ಯಾಲ ಕಟ್ಟಿ ಮ್ಯಾಲ ಯಾಕ ಕುಂತಿ? ಕಾಲು ತೊಳಕೊಂಡು ಒಳಗ ಬಾ. ರೊಟ್ಟಿ ಐತಿ. ಉಂಡ ಮ್ಯಾಲ ಹುಳಿ ಒಯ್ಯುವಂತಿ."

ಚೊಂಬಿನಲ್ಲಿ ನೀರು ತಂದು ನಾನೇ ಅವನ ಕೈಗೆ ಕೊಟ್ಟೆ. ಅವನ ಬೆರಳು ನನ್ನ ಬೆರಳಿನ ಮೇಲೆ ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಉಳಿಯಿತು.

"ನಾಳೆ ಮದುವೆ ಮುಗಿದ ಮೇಲೆ ನಾನೇ ಹೇಳ್ವ ಅಂದ್ಕಂಡಿದ್ದೆ," ಅಂದ ಪಿಸುದನಿಯಲ್ಲಿ.

"ತಡ ಮಾಡಿದ್ರಿ. ನಾ ಹೇಳಿ ಆತು."

"ಈಗ ಹೇಳಿದ್ರೆ ಲೆಕ್ಕಕ್ಕಿಲ್ಲನ?"

"ಹೇಳಿ ನೋಡ್ರಿ. ಉಪ್ಪು-ಹುಳಿ ಸರಿ ಐತೋ ಇಲ್ಲೋ, ಕೇಳಿ ಹೇಳ್ತೀನಿ."

ಅವನು ಚೊಂಬು ಕೆಳಗಿಟ್ಟ. ಅಂಗಳದಲ್ಲಿ ಅಪ್ಪ ಇದ್ದಾರೆ, ಒಳಗೆ ಅಜ್ಜಿ ಇದ್ದಾಳೆ ಅನ್ನುವುದು ಅವನಿಗೆ ಮರೆತಿರಬೇಕು. ಪಿಸುದನಿ ಬಿಟ್ಟು, ಪಂಕ್ತಿಯಲ್ಲಿ ಕೂಗಿ ಬಡಿಸುವವನ ಹಾಗೆ ಗಟ್ಟಿಯಾಗಿಯೇ ಹೇಳಿದ:

"ನನಗೆ ನೀನು ಬೇಕು ದಾಕ್ಷಾಯಣಿ. ನಿನ್ನ ಸೊಕ್ಕಿನ ಸಮೇತ."

ತಪ್ಪು ಹುಡುಕಲು ನಾನು ಬಾಯಿ ತೆರೆದೆ. ಒಂದೂ ಸಿಗಲಿಲ್ಲ.